ನಿಲುವಂಗಿ ಹೊದಿಸಿದ ಕೈ

ಯೂನಿಯನ್ ಸಿಟಿಯಲ್ಲಿ ಹಸನ್‌ನ ಮನೆ ಎಲ್ಲಿ ಅಂತ ಕೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ. ಟೇಲರ್ ಮಾಸ್ಟರ್ ಮನೆ ಎಲ್ಲಿ ಅಂತ ಕೇಳಿ ನೋಡಿ, ಫ್ರೀಮಾಂಟಿನಿಂದ ಲಿವರ್‌ಮೋರ್‌ವರೆಗಿನ ಕನ್ನಡದ ಹೆಂಗಸರೆಲ್ಲ ಕಣ್ಣು ಮುಚ್ಚಿಕೊಂಡು ದಾರಿ ತೋರಿಸುತ್ತಾರೆ. ಹಸನ್ ಎರಡು ಕಾರನ್ನೂ ರಸ್ತೆಯ ಮೇಲೆ ನಿಲ್ಲಿಸಿ ಗ್ಯಾರೇಜನ್ನು ಅಪ್ಪನಿಗೆ ಬಿಟ್ಟುಕೊಟ್ಟಿದ್ದಾನೆ. ಅಲ್ಲೊಂದು ಹೊಲಿಗೆ ಮಷೀನು, ಒಂದು ಇಸ್ತ್ರಿ ಮೇಜು, ಗೋಡೆಗೊಂದು ಉದ್ದ ಕನ್ನಡಿ. ನಾಳೆ ಕೊಡುತ್ತೇನೆ ಅಂದದ್ದನ್ನು ನಾಳೆಯೇ ಕೊಡುವ ಟೇಲರನ್ನು ನೀವು ಕಂಡಿದ್ದೀರಾ? ಇಲ್ಲ ತಾನೆ? ಹಸನ್‌ನ ಅಪ್ಪ ಮೆಹಬೂಬ್ ಸಾಬರು ಕೊಡುತ್ತಾರೆ. ಹಬ್ಬದ ಹಿಂದಿನ ವಾರ ಬ್ಲೌಸ್ ಪೀಸು ಹಿಡಿದುಕೊಂಡು ಓಡಿ ಬಂದವರಿಗೂ, ‘ಅಲ್ರೀ ಅಕ್ಕಾರ, ಹಬ್ಬ ಬರ್ತೈತಿ ಅಂತ ನಿಮಗ ಇವತ್ತ ಗೊತ್ತಾತೇನ್ರಿ?’ ಎಂದು ನಾಲ್ಕು ಮಾತು ಅಂದು, ಕೊನೆಗೆ ಹೊಲಿದೇ ಕೊಡುತ್ತಾರೆ. ಆಡಿದ ಮಾತಿಗೆ ತಪ್ಪದ ಮನುಷ್ಯ ಎಂದು ಹೆಸರು. ಅಂಥವರ ಬಾಯಲ್ಲಿ ಆ ಮಾತು ಬಂದುಬಿಟ್ಟಿತಲ್ಲ, ಏನು ಹೇಳೋಣ!

ಅವರು ಸವಣೂರಿನವರು. ಹರೆಯದಲ್ಲಿ ಹೊಲಿಗೆ ಕಲಿಸಿದ ಉಸ್ತಾದರು ಅವರನ್ನು ಒಂದು ಮಿಷನ್ ಆಸ್ಪತ್ರೆಗೆ ಹೊಲಿಗೆ ಕೆಲಸಕ್ಕೆ ಕಳಿಸಿದ್ದರು. ಕುಷ್ಠದವರ ಆಸ್ಪತ್ರೆ. ಸಿಸ್ಟರುಗಳಿಗೆ ಬಿಳಿ ನಿಲುವಂಗಿ, ರೋಗಿಗಳಿಗೆ ಅಂಗಿ ಹೊಲಿಯುವುದು. ರಹಮತ್ ಬೀ ಅಲ್ಲಿದ್ದರು. ಹುಡುಗಿಯಾಗಿದ್ದಾಗಲೇ ಆ ‘ದೊಡ್ಡ ರೋಗ’ ಹತ್ತಿತ್ತು; ಗುಳಿಗೆ ನುಂಗಿ ಪೂರ್ತಿ ವಾಸಿಯೂ ಆಗಿತ್ತು. ಆದರೆ ಬಲಗೈಯ ಎರಡು ಬೆರಳು ಒಳಕ್ಕೆ ಮಡಚಿಕೊಂಡೇ ಉಳಿದವು, ಎಡಗೈಯ ಬೆರಳುಗಳಿಗೆ ಮುಟ್ಟಿದ್ದು ಗೊತ್ತಾಗುತ್ತಿರಲಿಲ್ಲ. ವಾಸಿಯಾಗಿದೆ, ಕರೆದುಕೊಂಡು ಹೋಗಿ ಎಂದು ಸಿಸ್ಟರುಗಳು ಹೇಳಿ ಕಳಿಸಿದರೂ ತವರಿನವರು ಆ ಕಡೆ ತಲೆ ಹಾಕಲಿಲ್ಲ. ಮೆಹಬೂಬ್ ಸಾಬರು ತಲೆ ಹಾಕಿದರು. ಅವರ ತಾಯಿ ಬಾಯಿ ಬಡಿದುಕೊಂಡರು: ‘ಆ ಹುಡುಗೀನ ಮನೀಗಿ ತಂದ್ರ ನಾ ಬಾವಿ ಬೀಳ್ತೀನಿ ನೋಡು!’ ಮಗ ಹೇಳಿದ್ದೇನು ಗೊತ್ತೇ? ‘ಬೀಳಮ್ಮಾ, ಹಗ್ಗ ಹಿಡ್ಕೊಂಡು ನಾ ನಿಂತಿರ್ತೀನಿ.’ ತಾಯಿ ಬಾವಿಗೆ ಬೀಳಲಿಲ್ಲ. ಸೊಸೆ ತಟ್ಟಿದ ರೊಟ್ಟಿಯನ್ನೇ ತಿಂದು ಸುಖವಾಗಿ ಮುದುಕಿಯಾಗಿ ಸತ್ತರು.

ಆಸ್ಪತ್ರೆಯ ಸಿಸ್ಟರು ಮದುವೆಯ ಹೊತ್ತಿನಲ್ಲಿ ಒಂದು ಮಾತು ಹೇಳಿ ಕಳಿಸಿದ್ದರು: ಇವಳಿಗೆ ಗಾಯವಾದರೂ ಗೊತ್ತಾಗುವುದಿಲ್ಲ, ದಿನಾ ಕೈಕಾಲು ನೋಡಬೇಕು. ಅಂದಿನಿಂದ ಮೆಹಬೂಬ್ ಸಾಬರು ಒಂದು ದಿನವೂ ಬಿಟ್ಟವರಲ್ಲ. ಇಳಿಹೊತ್ತಿನ ಅಸರ್ ನಮಾಜು ಮುಗಿದ ಮೇಲೆ ಬೋಗುಣಿಯಲ್ಲಿ ನೀರು ತಂದು, ಹೆಂಡತಿಯ ಕೈಕಾಲು ನೆನೆಸಿ, ಒಂದೊಂದೇ ಬೆರಳನ್ನು ತಿರುವಿ ನೋಡಿ, ಕೊಬ್ಬರಿ ಎಣ್ಣೆ ಹಚ್ಚುತ್ತಾರೆ. ಸವಣೂರಿನಲ್ಲಿ ಈ ಕೆಲಸ ಬೀದಿ ಬದಿಯ ಕಟ್ಟೆಯ ಮೇಲೆ ನಡೆಯುತ್ತಿತ್ತು. ಹೋಗಿ ಬರುವವರು ಅದನ್ನು ನೋಡಿಕೊಂಡೇ ಹೋಗಿ ಬರುತ್ತಿದ್ದರು. ಯೂನಿಯನ್ ಸಿಟಿಯಲ್ಲಿ ಅದು ಮೇಲಿನ ಬಾತ್‌ರೂಮಿನಲ್ಲಿ, ಬಾಗಿಲು ಹಾಕಿಕೊಂಡು ನಡೆಯುತ್ತದೆ.

ಬಾಗಿಲು ಹಾಕಿಸಿದವನು ಹಸನ್. ಅವನೇನು ಕೆಟ್ಟವನಲ್ಲ, ಅಪ್ಪ-ಅಮ್ಮನನ್ನು ಹಟ ಹಿಡಿದು ಕರೆಸಿಕೊಂಡವನು. ಬಂದ ವಾರದಲ್ಲೇ ಮೆಲ್ಲಗೆ ಹೇಳಿದ್ದ: “ಅಬ್ಬಾ, ಇಲ್ಲಿ ಯಾರಿಗೂ ಹೇಳೋದು ಬೇಡ. ಅಮ್ಮಿ ಕೈ ಬಗ್ಗೆ ಯಾರಾದ್ರೂ ಕೇಳಿದ್ರೆ ಎಣ್ಣೆ ಬಿದ್ದು ಸುಟ್ಟಿದ್ದು ಅಂದ್ಬಿಡಿ. ಸಿಂಪಲ್ಲು.” ಮೆಹಬೂಬ್ ಸಾಬರಿಗೆ ಅದು ಸರಿಬರಲಿಲ್ಲ. ಪರದೇಶ, ಮಗನ ಮನೆ, ಮಗನ ಮಾತು ಅಂದುಕೊಂಡು ಹೂಂಗುಟ್ಟಿದರು. ಮೊಮ್ಮಗಳು ಅಲ್ಫಿಯಾ ಬೆಳೆದದ್ದೂ ಆ ಎಣ್ಣೆಯ ಕತೆ ಕೇಳಿಕೊಂಡೇ.

ಈಗ ಅಲ್ಫಿಯಾಳಿಗೆ ಮದುವೆ ಮಾತು. ಹುಡುಗ ಮಾಝ್, ಲಾಸ್ ಗ್ಯಾಟೋಸ್‌ನವನು, ಅವಳೇ ಮೆಚ್ಚಿದವನು. ತಾಯಿ ಡಾಕ್ಟರು, ಮೈಸೂರಿನ ಕಡೆಯವರು. ಅವರು ಮೊದಲ ಸಲ ಊಟಕ್ಕೆ ಬಂದ ದಿನ ಹಸನ್ ಒಂದು ಹೆಜ್ಜೆ ಮುಂದೆ ಹೋದ. ಡಾಕ್ಟರ ಕಣ್ಣಿಗೆ ಎಣ್ಣೆಯ ಕತೆ ನಡೆಯುವುದಿಲ್ಲ, ಗೊತ್ತಾದರೆ ‘ರಕ್ತದಲ್ಲಿದೆ’ ಅಂದುಬಿಟ್ಟಾರು ಎಂದು ಅವನಿಗೆ ಹೆದರಿಕೆ. ಅಮ್ಮಿಗೆ ಮೊಣಕಾಲು ನೋವು, ಮಲಗಿದ್ದಾರೆ ಎಂದ. ಬೆಳಗಿನಿಂದ ನಿಂತು ಬಿರಿಯಾನಿ ಮಾಡಿದ್ದ ರಹಮತ್ ಬೀ ಅತಿಥಿಗಳು ಹೋಗುವವರೆಗೂ ಮೇಲೆ ತಸ್ಬೀಹ್ ಮಣಿ ಎಣಿಸುತ್ತ ಕೂತಿದ್ದರು. ಅಲ್ಫಿಯಾ ಒಂದು ತಟ್ಟೆ ಹಿಡಿದು ಮೇಲೆ ಹೋಗಿ ಅಜ್ಜಿಯನ್ನು, “ದಾದಿ, ಆರ್ ಯು ಓಕೆ?” ಎಂದು ಕೇಳಿದ್ದಳು. ಕೆಳಗೆ ಮೆಹಬೂಬ್ ಸಾಬರು ಮಾಝ್‌ನ ತಾಯಿಗೆ ಬಡಿಸುತ್ತ, ಬಿರಿಯಾನಿ ಹೊಗಳಿದ್ದಕ್ಕೆಲ್ಲ ತಲೆಯಾಡಿಸಿದರು. ಯಾರು ಮಾಡಿದ್ದು ಎಂದು ಹೇಳಲು ನಾಲಿಗೆ ಹೊರಳಲಿಲ್ಲ.

ಅದಾದ ಸ್ವಲ್ಪ ದಿನಕ್ಕೆ ಗ್ಯಾರೇಜಿಗೆ ಒಬ್ಬ ಬಿಳಿ ಹೆಂಗಸು ಬಂದರು. ಡಾಕ್ಟರ್ ಕಾರ್ವಿಲ್, ಚರ್ಮರೋಗದ ಡಾಕ್ಟರಾಗಿದ್ದು ರಿಟೈರಾದವರು. ಮಾಝ್‌ನ ತಾಯಿ ಮತ್ತು ಅವರು ಒಂದೇ ಆಸ್ಪತ್ರೆಯಲ್ಲಿ ಕೆಲಸ ಮಾಡಿದ ಗೆಳತಿಯರಂತೆ. ಆಕೆಯೇ ಈ ಟೇಲರ ವಿಳಾಸ ಕೊಟ್ಟರಂತೆ. ಅವರಿಗೆ ಬೇಕಾಗಿದ್ದು ಒಂದು ನಿಲುವಂಗಿ. ಕಪ್ಪು ಉಣ್ಣೆ ಬಟ್ಟೆ, ಒಳಗೆ ಬಿಳಿ ಲೈನಿಂಗು, ಎಡ ಭುಜದ ಕೆಳಗೆ ಹಸಿರು ಶಿಲುಬೆ.

“ನೀವು ಪಾದ್ರೀನಾ ಮೇಡಂ?” ಎಂದು ಮೆಹಬೂಬ್ ಸಾಬರು ತಮ್ಮ ಒಡಕು ಇಂಗ್ಲಿಷಿನಲ್ಲಿ ಕೇಳಿದರು. ಆಕೆ ಜೋರಾಗಿ ನಕ್ಕರು. “ಅಲ್ಲ. ನಮ್ಮದೊಂದು ಹಳೇ ಪಂಗಡದ ಪುಟ್ಟ ಶಾಖೆ. ಈಗ ಮೂವತ್ತೋ ನಲವತ್ತೋ ಜನ ಇದ್ದೇವೆ. ಕುಷ್ಠದ ಆಸ್ಪತ್ರೆಗಳಿಗೆ ಔಷಧಿ ಕಳಿಸುತ್ತೇವೆ. ಈ ಸಲ ಅದರ ಮುಖ್ಯಸ್ಥರ ಜಾಗಕ್ಕೆ, ‘ಮಾಸ್ಟರ್’ ಅಂತ, ನನ್ನನ್ನು ಆರಿಸಿದ್ದಾರೆ. ನಿಮ್ಮನ್ನೂ ಎಲ್ಲರೂ ಮಾಸ್ಟರ್ ಅಂತಾರಂತೆ, ಅದಕ್ಕೇ ಹುಡುಕಿಕೊಂಡು ಬಂದೆ.”

ಅಳತೆ ಟೇಪನ್ನು ಅವರ ಹೆಗಲಿಗೆ ಹಿಡಿದಿದ್ದ ಮೆಹಬೂಬ್ ಸಾಬರಿಗೆ ‘ಕುಷ್ಠ’ ಎಂಬ ಮಾತಿಗೆ ಅಳತೆ ತಪ್ಪಿತು, ಮತ್ತೆ ಮೊದಲಿನಿಂದ ಹಿಡಿದರು. ಆಕೆ ಗಮನಿಸಲಿಲ್ಲ, ಉತ್ಸಾಹದಿಂದ ಹೇಳುತ್ತಾ ಹೋದರು. ಮಧ್ಯಯುಗದಲ್ಲಿ ಜೆರುಸಲೇಮಿನ ಕೋಟೆಗೋಡೆಯ ಹೊರಗೆ ಕುಷ್ಠದವರ ಆಸ್ಪತ್ರೆಯೊಂದಿತ್ತು. ನಡೆಸುತ್ತಿದ್ದವರೂ ಆ ರೋಗದವರೇ. ಕುದುರೆ ಏರಿ ಯುದ್ಧ ಮಾಡುವ ಬೇರೆ ಪಂಗಡದ ಸವಾರರೂ ರೋಗ ಹತ್ತಿದರೆ ಕತ್ತಿ ಗುರಾಣಿ ಸಮೇತ ಇಲ್ಲಿಗೇ ಬಂದು ಸೇರುತ್ತಿದ್ದರು. ಅಲ್ಲೊಂದು ನಿಯಮವಿತ್ತೆಂದು ಹೇಳುತ್ತಾರೆ: ಪಂಗಡಕ್ಕೆ ಮಾಸ್ಟರ್ ಆಗುವವರಿಗೆ ಕುಷ್ಠ ಇರಲೇಬೇಕು.

“ರೋಗ ಇದ್ದೋರು... ಬಾಸ್?” ಮೆಹಬೂಬ್ ಸಾಬರಿಗೆ ತಾವು ಸರಿಯಾಗಿ ಕೇಳಿಸಿಕೊಂಡೆವೋ ಇಲ್ಲವೋ ಎಂದು ಅನುಮಾನ.

“ಹೌದು. ಆರೋಗ್ಯ ಚೆನ್ನಾಗಿದ್ದವರು ಬಂದು ಸೇವೆ ಮಾಡಬಹುದು. ಕುರ್ಚಿ ಮಾತ್ರ ರೋಗಿಯದು. ಆಮೇಲೆ ಯಾವುದೋ ಯುದ್ಧದಲ್ಲಿ ಕುಷ್ಠದ ಸವಾರರೆಲ್ಲ ಸತ್ತುಹೋದರು. ಇನ್ನು ಮುಂದೆ ಆರೋಗ್ಯವಂತರನ್ನೂ ಮಾಸ್ಟರ್ ಮಾಡಲು ಅಪ್ಪಣೆ ಕೊಡಿ ಎಂದು ಪೋಪರನ್ನು ಕೇಳಿಕೊಂಡರಂತೆ. ಅಲ್ಲಿಂದ ಶುರುವಾಯಿತು ನೋಡಿ, ದೊಡ್ಡ ದೊಡ್ಡ ಮನೆತನದವರು ಬಂದು ಕೂತರು. ಈಗ ನಾನು!” ಆಕೆ ಮತ್ತೆ ನಕ್ಕರು, ಆದರೆ ಈ ಸಲ ನಗುವಿನಲ್ಲಿ ಸ್ವಲ್ಪ ಸಂಕೋಚವಿತ್ತು.

ಅಂದು ಸಂಜೆ ಹೆಂಡತಿಯ ಕೈ ನೆನೆಸುತ್ತ ಮೆಹಬೂಬ್ ಸಾಬರು ಈ ಕತೆಯನ್ನೆಲ್ಲ ಹೇಳಿದರು. ಮನೆಯಲ್ಲಿ ಮಗ-ಸೊಸೆಯೊಂದಿಗೆ ಉರ್ದು, ಆದರೆ ಇವರಿಬ್ಬರ ನಡುವೆ ಯಾವಾಗಲೂ ಕನ್ನಡವೇ; ರಹಮತ್ ಬೀ ಆಸ್ಪತ್ರೆಯಲ್ಲಿ ಅದನ್ನೇ ಆಡಿಕೊಂಡು ಬೆಳೆದವರು. ಕತೆ ಕೇಳಿ ಅವರ ಕಣ್ಣು ದೊಡ್ಡವಾದವು.

“ಕರೇನ ಹೇಳಾಕತ್ತೀರೋ ಏನ್ ನನ್ನ ಖುಷಿ ಮಾಡಾಕ ಕತಿ ಕಟ್ಟೀರೋ?”

“ಖುದಾ ಕಸಮ್. ಆ ಡಾಕ್ಟರಮ್ಮನ ಹೇಳಿದ್ದು.”

“ಯಪ್ಪಾ, ಏನ್ ಜಬರ್ದಸ್ತ್ ಮಂದಿ ಇದ್ದರ್ರೀ!” ರಹಮತ್ ಬೀ ಬಹಳ ಹೊತ್ತು ಒಬ್ಬರೇ ನಗುತ್ತ ಕೂತರು. ಆಮೇಲೆ, “ಆ ಅಂಗಿ ಅಂಚಿನ ಹೆಮ್ಮಿಂಗ್ ನಾ ಮಾಡ್ತೀನಿ,” ಎಂದರು. ಬೆರಳಿಗೆ ಸೂಜಿ ಚುಚ್ಚಿದರೂ ಗೊತ್ತಾಗುವುದಿಲ್ಲವೆಂದು ಮೆಹಬೂಬ್ ಸಾಬರು ಅವರ ಕೈಗೆ ಸೂಜಿ ಕೊಡುವುದನ್ನು ಎಂದೋ ನಿಲ್ಲಿಸಿದ್ದರು. ಬೇಡವೆಂದರು. ರಹಮತ್ ಬೀ ಮುಖ ಊದಿಸಿಕೊಂಡರು. ಕೊನೆಗೆ ಸೂಜಿ ಕೊಡಲೇಬೇಕಾಯಿತು.

ಇಲ್ಲಿಯವರೆಗೆ ಎಲ್ಲ ಚೆನ್ನಾಗಿಯೇ ಇತ್ತು. ಟ್ರಯಲ್ ನೋಡಲು ಡಾಕ್ಟರ್ ಕಾರ್ವಿಲ್ ಹೇಳಿದ ಹೊತ್ತಿಗಿಂತ ಮುಂಚೆಯೇ ಬಂದುಬಿಟ್ಟರು, ಅಲ್ಲಿ ಕೆಟ್ಟಿತು. ಹಸನ್, ಸೊಸೆ ಆಫೀಸಿನಲ್ಲಿದ್ದರು. ಗ್ಯಾರೇಜಿನ ಬಾಗಿಲು ಗಾಳಿಗೆಂದು ಮೇಲೆತ್ತಿತ್ತು. ರಹಮತ್ ಬೀ ಸ್ಟೂಲಿನ ಮೇಲೆ ಕೂತು, ಮಡಿಲ ತುಂಬ ಕಪ್ಪು ಉಣ್ಣೆ ಹರಡಿಕೊಂಡು, ಲೈನಿಂಗಿನ ಅಂಚು ಹೊಲಿಯುತ್ತಿದ್ದರು. ಗಿರಾಕಿಗಳು ಬರುವ ಸದ್ದಾದರೆ ಎದ್ದು ಒಳಗೆ ಹೋಗುವುದು ರೂಢಿ. ಅಂದು ಏಳಲು ಪುರಸೊತ್ತೇ ಸಿಗಲಿಲ್ಲ.

“ಅಯ್ಯೋ, ನಿಮ್ಮ ಬೆರಳು!” ಎಂದರು ಡಾಕ್ಟರ್.

ರಹಮತ್ ಬೀ ಎಡಗೈ ನೋಡಿಕೊಂಡರು. ಸೂಜಿ ಹೆಬ್ಬೆರಳಿನೊಳಕ್ಕೆ ಹೋಗಿ ನಿಂತಿತ್ತು. ಬಿಳಿ ಲೈನಿಂಗಿನ ಮೇಲೆ ಕಾಸಿನಗಲದ ರಕ್ತ. ಅವರು ಸೂಜಿಯನ್ನು ಸುಮ್ಮನೆ ಎಳೆದು ತೆಗೆದರು, ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಡಾಕ್ಟರ್ ಚೀಲವನ್ನು ನೆಲಕ್ಕೆ ಹಾಕಿ ಮುಂದೆ ಬಂದು ಆ ಕೈಯನ್ನು ತಮ್ಮ ಕೈಯಲ್ಲಿ ತೆಗೆದುಕೊಂಡರು. ತಿರುಗಿಸಿ ನೋಡಿದರು, ಹೆಬ್ಬೆರಳಿನ ಬುಡದ ಕುಳಿಯನ್ನು ಮೆಲ್ಲಗೆ ಒತ್ತಿದರು, ಇನ್ನೊಂದು ಕೈಯ ಮಡಚಿದ ಬೆರಳುಗಳನ್ನು ಕಂಡರು. ಅವರಿಗೆ ಯಾರೂ ಏನೂ ಹೇಳಬೇಕಾಗಿರಲಿಲ್ಲ.

“ಎಂದೋ ವಾಸಿಯಾಗಿರೋದು ಇದು,” ಎಂದರು ಮೆಲುದನಿಯಲ್ಲಿ. ಆಮೇಲೆ ಮೆಹಬೂಬ್ ಸಾಬರ ಕಡೆ ತಿರುಗಿ ಕೇಳಿದರು: “ಇವರು ನಿಮ್ಮ ಹೆಂಡತಿಯೇ?”

ಮೆಹಬೂಬ್ ಸಾಬರು ಲೆಕ್ಕ ಹಾಕಿದರು. ಇವರು ಮಾಝ್‌ನ ತಾಯಿಯ ಗೆಳತಿ. ಇವತ್ತು ಸಂಜೆಯೇ ಫೋನಿನಲ್ಲಿ, ನಿನ್ನ ಬೀಗರ ಮನೆಯಲ್ಲಿ ಹೀಗಂತೆ ಎಂದರೆ? ಅಲ್ಫಿಯಾಳ ಮುಖ ಕಣ್ಣಿಗೆ ಕಟ್ಟಿತು. ಕೈಯನ್ನಂತೂ ಇನ್ನು ಮುಚ್ಚಿಡಲಾಗದು. ಆ ಕೈ ನಮ್ಮ ಮನೆಯದಲ್ಲ ಅಂದುಬಿಟ್ಟರೆ ಆಯಿತಲ್ಲ!

“ನೋ ನೋ ಮೇಡಂ,” ಎಂದರು. “ಹೆಲ್ಪರ್. ಕೆಲಸಕ್ಕೆ ಬರ್ತಾಳೆ. ಓನ್ಲಿ ಹೆಲ್ಪರ್.”

ಥೂ! ಆ ಮಾತು ಬಾಯಿಂದ ಜಾರುತ್ತಲೇ ಅವರಿಗೆ ತಮ್ಮ ನಾಲಿಗೆಯನ್ನೇ ಕಿತ್ತು ಬಿಸಾಡಬೇಕೆನ್ನಿಸಿತು. ರಹಮತ್ ಬೀ ಮಾತ್ರ ಮುಖ ಮೇಲೆತ್ತಲಿಲ್ಲ. ಡಾಕ್ಟರ ಕೈಯಿಂದ ತಮ್ಮ ಕೈ ಬಿಡಿಸಿಕೊಂಡು, ಬಟ್ಟೆಯ ಚೂರೊಂದನ್ನು ಹೆಬ್ಬೆರಳಿಗೆ ಸುತ್ತಿ, ದಾರ ಪೋಣಿಸತೊಡಗಿದರು.

ಡಾಕ್ಟರ್ ಕಾರ್ವಿಲ್ ಆ ರಕ್ತದ ಕಲೆ ತೊಳೆಯುವುದು ಬೇಡವೆಂದರು. ಇನ್ನೊಂದು ಮಾತೂ ಹೇಳಿದರು. ಪ್ರಮಾಣ ಸ್ವೀಕಾರದ ದಿನ ಹೊಸ ಮಾಸ್ಟರಿಗೆ ನಿಲುವಂಗಿಯನ್ನು ಯಾರಾದರೂ ಹಿರಿಯರು ಹೊದಿಸಬೇಕು. “ಇವರೇ ಬಂದು ಹೊದಿಸಲಿ. ಕುರ್ಚಿ ಇವರಂಥವರದ್ದಾಗಿತ್ತು. ಹೀಗಾದರೂ ಇವರ ಅಪ್ಪಣೆ ಪಡೆದು ಕೂತೆ ಅಂತ ನನಗೆ ಸಮಾಧಾನ. ಕೇಳಿ, ದಯವಿಟ್ಟು.”

ನೋಡಿ ಹೇಗಿದೆ! ಇಷ್ಟು ವರ್ಷ ಬಚ್ಚಿಟ್ಟ ಕೈಗೆ ಮರ್ಯಾದೆ ಬಂದದ್ದು ಕೆಲಸದವಳ ಹೆಸರಿನಲ್ಲಿ. ಮೆಹಬೂಬ್ ಸಾಬರು ನೆಲ ನೋಡುತ್ತ ಆ ಮಾತನ್ನು ಕನ್ನಡದಲ್ಲಿ ಹೆಂಡತಿಗೆ ಹೇಳಿದರು. ರಹಮತ್ ಬೀ ದಾರಕ್ಕೆ ಗಂಟು ಹಾಕಿದರು.

“ಬರ್ತೀನಿ ಅಂತ ಹೇಳ್ರಿ,” ಎಂದರು. ಆಮೇಲೆ ಕೇಳಿದರು: “ಆದ್ರ ಯಾರಂತ ಬರ್ಲಿ?”

ಮೆಹಬೂಬ್ ಸಾಬರು ಮುಖ ತಿರುಗಿಸಿ, ‘ಶಿ ಕಮಿಂಗ್ ಮೇಡಂ’ ಎಂದಷ್ಟೇ ಡಾಕ್ಟರಿಗೆ ಹೇಳಿದರು.

ಆ ಸಂಜೆ ಬಾತ್‌ರೂಮಿನಲ್ಲಿ ಅವರು ಹೆಬ್ಬೆರಳಿನ ಗಾಯ ತೊಳೆದು ಮುಲಾಮು ಹಚ್ಚಿದರು. ತಲೆ ಎತ್ತಲಾಗಲಿಲ್ಲ. “ಅಲ್ಫಿಯಾನ ಸಲುವಾಗಿ ಅಂದೆ,” ಎಂದರು.

“ಹೌದ್ರಿ, ಗೊತ್ತೈತಿ.”

“ಬ್ಯಾರೆ ಏನೂ ಹೊಳೀಲಿಲ್ಲ ನನಗ.”

“ಆತು ಬಿಡ್ರಿ.”

ಒಂದು ಬೈಗುಳ ಬೈದಿದ್ದರೆ ಅವರಿಗೆ ಸ್ವಲ್ಪವಾದರೂ ಹಗುರಾಗುತ್ತಿತ್ತು. ರಹಮತ್ ಬೀ ಬೈಯಲಿಲ್ಲ. ಮೆಹಬೂಬ್ ಸಾಬರಿಗೆ ಅನ್ನ ಸೇರದಾಯಿತು. ಊರಿಗೆ ಊರೇ ಬೇಡ ಅಂದರೂ ಈ ಕೈ ಹಿಡಿದವನು, ತಾಯಿ ಬಾವಿ ತೋರಿಸಿದರೂ ಬಿಡದವನು, ಇಲ್ಲಿ ಒಂದು ನಿಲುವಂಗಿ ಹೊಲಿಸಲು ಬಂದ ಹೆಂಗಸಿನೆದುರು ಬಿಟ್ಟುಬಿಟ್ಟೆನಲ್ಲ! ಅಂದು ತಾನು ಮಾಡಿದ್ದು ದೊಡ್ಡ ಧೈರ್ಯವೆಂದು ಒಳಗೊಳಗೇ ಬೀಗಿಕೊಂಡು ಬಂದಿದ್ದರಲ್ಲ, ಅದನ್ನೆಲ್ಲ ನೆನೆದು ಇನ್ನಷ್ಟು ನಾಚಿಕೆಯಾಯಿತು. ಡಾಕ್ಟರಿಗೆ ಫೋನು ಮಾಡಿ ನಿಜ ಹೇಳಿಬಿಡೋಣವೆಂದು ದಿನಾ ಫೋನು ಕೈಗೆ ತೆಗೆದುಕೊಳ್ಳುವರು, ಅಲ್ಫಿಯಾ ನಗುತ್ತ ಮಾಝ್‌ನ ಜೊತೆ ಮಾತಾಡುವುದು ಕೇಳಿಸಿದೊಡನೆ ಕೆಳಗಿಡುವರು. ಹಸನ್‌ಗೂ ಏನೂ ಹೇಳಲಿಲ್ಲ.

ಸಮಾರಂಭ ಒಂದು ಶನಿವಾರ ಮಧ್ಯಾಹ್ನ, ಲಿವರ್‌ಮೋರ್‌ನಲ್ಲಿ ಒಂದು ಚರ್ಚಿನ ಹಾಲಿನಲ್ಲಿ. ಬಟ್ಟೆ ಡೆಲಿವರಿ ಕೊಟ್ಟು ಬರುತ್ತೇವೆಂದು ಮನೆಯಲ್ಲಿ ಹೇಳಿ ಹೊರಟರು. ರಹಮತ್ ಬೀ ಕೆಳಗಿಳಿದು ಬಂದದ್ದನ್ನು ನೋಡಿ ಮೆಹಬೂಬ್ ಸಾಬರು ಪೆಚ್ಚಾದರು. ಅಡುಗೆಮನೆಯಲ್ಲಿ ಉಡುವ ಮಾಸಲು ಸೀರೆ.

“ರೇಷ್ಮಿ ಸೀರಿ ಉಡಬಾರ್ದಿತ್ತೇನ?”

“ಹೆಲ್ಪರ್‌ಗೆ ಇದ ಸಾಕ್ರಿ,” ಎಂದು ರಹಮತ್ ಬೀ ಹೋಗಿ ಕಾರಿನ ಹಿಂದಿನ ಸೀಟಿನಲ್ಲಿ ಕೂತರು.

“ಮುಂದ ಕೂಡು.”

“ಇರ್ಲಿ ಬಿಡ್ರಿ. ಯಾರರ ನೋಡ್ತಾರ.”

ಮೆಹಬೂಬ್ ಸಾಬರಿಗೆ ಫ್ರೀವೇ ಎಂದರೆ ಭಯ. ನೈಲ್ಸ್ ಕಣಿವೆಯ ಹಳೇ ರಸ್ತೆ ಹಿಡಿದು ನಿಧಾನಕ್ಕೆ ಹೊರಟರು. ದಾರಿಯುದ್ದಕ್ಕೂ ಕನ್ನಡಿಯಲ್ಲಿ ಹೆಂಡತಿಯ ಮುಖ ಕಾಣುತ್ತಿತ್ತು.

ಹಾಲಿನಲ್ಲಿ ಕಪ್ಪು ನಿಲುವಂಗಿಯವರು ಸಾಲಾಗಿ ನಿಂತಿದ್ದರು, ಹೆಚ್ಚಿನವರು ತಲೆ ನರೆತವರು. ಹಾಡಾಯಿತು, ಪ್ರಾರ್ಥನೆಯಾಯಿತು. ಡಾಕ್ಟರ್ ಕಾರ್ವಿಲ್ ಎದ್ದು, ಆ ಹಳೇ ನಿಯಮದ ಕತೆಯನ್ನು ಎಲ್ಲರಿಗೂ ಮತ್ತೊಮ್ಮೆ ಹೇಳಿ, ಟೇಲರ ಹತ್ತಿರ ಕೆಲಸಕ್ಕಿರುವವರೆಂದು ಪರಿಚಯಿಸಿ ರಹಮತ್ ಬೀಯವರನ್ನು ಮುಂದಕ್ಕೆ ಕರೆದರು. ತಲೆಯ ಮೇಲೆ ಸೆರಗು ಸರಿಮಾಡಿಕೊಂಡು ಅವರು ನಡೆದುಹೋದರು. ನಿಲುವಂಗಿಯನ್ನು ಬಿಡಿಸಿ, ಆ ಎತ್ತರದ ಹೆಂಗಸಿನ ಹೆಗಲಿಗೇರಿಸಿದರು. ಕೊರಳ ಹತ್ತಿರದ ಹುಕ್ಕು ಹಾಕುವಾಗ ಮಡಚಿದ ಬೆರಳುಗಳಿಗೆ ಅದು ಸಿಗಲೊಲ್ಲದು. ಒಮ್ಮೆ ಜಾರಿತು, ಮತ್ತೊಮ್ಮೆ ಜಾರಿತು. ಯಾರೂ ಸಹಾಯಕ್ಕೆ ಹೋಗಲಿಲ್ಲ, ಕೆಮ್ಮಲೂ ಇಲ್ಲ. ಕೊನೆಗೆ ಬಿತ್ತು. ಡಾಕ್ಟರ್ ಬಾಗಿ ಆ ಎರಡೂ ಕೈಗಳನ್ನು ಹಿಡಿದು ಬೆರಳುಗಳಿಗೆ ಮುತ್ತಿಟ್ಟರು. ಹಾಲಿಗೆ ಹಾಲೇ ಎದ್ದು ನಿಂತು ಚಪ್ಪಾಳೆ ಹೊಡೆಯಿತು.

ಹಿಂದಿನ ಸಾಲಿನಲ್ಲಿ ಮೆಹಬೂಬ್ ಸಾಬರೂ ಹೊಡೆದರು. ಅವಳು ನನ್ನವಳು ಎಂದು ಎದೆಯುಬ್ಬಿಸಬೇಕಾದ ಹೊತ್ತಿನಲ್ಲಿ, ಕೆಲಸದವಳನ್ನು ಕಳಿಸಿಕೊಟ್ಟ ಧಣಿಯ ಹಾಗೆ ಚಪ್ಪಾಳೆ ತಟ್ಟುತ್ತ ನಿಂತಿದ್ದೇನಲ್ಲ ಎಂದು ಕೈ ಕೆಳಗಿಳಿಸಿದರು.

“ಚಾಚಾ! ಎಷ್ಟು ಚೆನ್ನಾಗಿ ಹೊಲಿದಿದೀರಾ!”

ಬೆನ್ನ ಹಿಂದೆ ಮಾಝ್‌ನ ತಾಯಿ. ಗೆಳತಿಯ ಸಮಾರಂಭಕ್ಕೆ ಅವರು ಬಾರದೆ ಇರುತ್ತಾರೆಯೇ? ಇದು ಮೆಹಬೂಬ್ ಸಾಬರಿಗೆ ಗೊತ್ತಿರಲಿಲ್ಲವೆಂದಲ್ಲ, ಬರದಿರಲಿ ಎಂದು ಬೆಳಗಿನಿಂದ ದುವಾ ಮಾಡಿದ್ದರು. ಏನೋ ತೊದಲಿದರು. ಅಷ್ಟರಲ್ಲಿ ರಹಮತ್ ಬೀ ಜನರ ನಡುವೆ ದಾರಿ ಮಾಡಿಕೊಂಡು ಬಂದು ಅವರ ಪಕ್ಕದಲ್ಲಿ, ಒಂದು ಮಾರು ದೂರದಲ್ಲಿ ನಿಂತರು.

“ಅಲ್ಫಿಯಾ ದಾದಿ ಬರಲಿಲ್ವಾ?” ಮಾಝ್‌ನ ತಾಯಿ ಕೇಳಿದರು. “ಮೊಣಕಾಲು ಹೇಗಿದೆ ಈಗ? ಅವರನ್ನ ನಾನಿನ್ನೂ ನೋಡೇ ಇಲ್ಲ ನೋಡಿ.”

ಮೆಹಬೂಬ್ ಸಾಬರು ಹೆಂಡತಿಯ ಮುಖ ನೋಡಿದರು. ರಹಮತ್ ಬೀ ಬೇರೆ ಕಡೆ ನೋಡುತ್ತಿದ್ದರು.

“ಮನ್ಯಾಗ ಅದಾಳ್ರಿ,” ಎಂದುಬಿಟ್ಟರು.

“ಪಾಪ, ಹುಷಾರಾಗಿ ನೋಡ್ಕೊಳ್ಳಿ.” ಮಾಝ್‌ನ ತಾಯಿ ರಹಮತ್ ಬೀಯವರ ಕಡೆ ತಿರುಗಿ ಅಕ್ಕರೆಯಿಂದ ಕೇಳಿದರು: “ನೀವು ಎಷ್ಟು ವರ್ಷದಿಂದ ಇವರ ಮನೇಲಿ ಕೆಲಸ ಮಾಡ್ತಿದೀರಮ್ಮಾ?”

“ಇವರ ಮದಿವಿ ಆದಾಗಿಂದ್ರಿ,” ಎಂದರು ರಹಮತ್ ಬೀ.

“ಅಲ್ಲಿಂದ ಇಲ್ಲೀವರೆಗೂ ಕರ್ಕೊಂಡು ಬಂದ್ರಾ! ಚಾಚಾ, ನೀವು ದೊಡ್ಡ ಮನಸ್ಸಿನವರು.”

ಅಲ್ಲಿಗೆ ಮೆಹಬೂಬ್ ಸಾಬರಿಗೆ ತಡೆಯಲಾಗಲಿಲ್ಲ. ಏನು ಬೇಕಾದರೂ ಸಹಿಸಿಯಾರು, ಈ ಹೊಗಳಿಕೆ ಸಹಿಸುವುದು ಅವರಿಂದಾಗಲಿಲ್ಲ. “ಈಕಿ ನನ್ನ ಹೆಂಡ್ತಿ ಅದಾಳ್ರಿ!” ಅಂದುಕೊಂಡದ್ದಕ್ಕಿಂತ ಜೋರಾಗಿಯೇ ಬಂತು ದನಿ. ನಾಲ್ಕು ಜನ ತಿರುಗಿ ನೋಡಿದರು. “ಅಲ್ಫಿಯಾನ ದಾದಿ ಈಕಿ. ಮೊಣಕಾಲು ನೋವು ಗೀವು ಏನೂ ಇಲ್ಲ. ಎಲ್ಲಾ ಸುಳ್ಳು.”

ಮಾಝ್‌ನ ತಾಯಿಯ ಮುಖದ ನಗು ಹಾಗೇ ನಿಂತಿತು. ಮೊದಲು ಮಾತಾಡಿದವರು ರಹಮತ್ ಬೀ, ಅದೂ ಗಂಡನ ಮೇಲೆ ಕೆಂಡವಾಗಿ. “ಬಾಯಿ ಮುಚ್ಚರಿ! ಇಷ್ಟು ದಿನ ಸುಮ್ಮಿದ್ದು ಈಗ ಯಾಕ ಬಾಯಿ ಬಿಟ್ರಿ? ಹುಡುಗಿ ಬಾಳೇವು ಐತಿ, ನಿಮಗ ನಿಮ್ಮ ಮನಸ್ಸು ಹಗುರಾದ್ರ ಸಾಕೇನು?” ಎಂದವರೇ ಮಾಝ್‌ನ ತಾಯಿಗೆ ಕೈ ಮುಗಿದರು. “ಹುಡುಗಿಗಿ ಏನೂ ಗೊತ್ತಿಲ್ಲವ್ವಾ. ನನ್ನ ರೋಗ ಮದಿವಿಗೂ ಮೊದಲ ವಾಸಿ ಆಗೈತಿ. ಅಕಿ ರಕ್ತದಾಗ ಏನೂ ಇಲ್ಲ.”

“ನಾನು ಡಾಕ್ಟರಮ್ಮಾ. ಅದು ನನಗೆ ಗೊತ್ತು,” ಎಂದು ಮಾಝ್‌ನ ತಾಯಿ ಆ ಮುಗಿದ ಕೈಗಳನ್ನು ಹಿಡಿದು ಇಳಿಸಿದರು. ಆಮೇಲೆ ಮೆಹಬೂಬ್ ಸಾಬರ ಕಡೆ ನೋಡಿದರು. ದನಿ ಏರಿಸಲಿಲ್ಲ. “ಕಾಯಿಲೆಗೆ ನಾನು ಹೆದರಲ್ಲ ಚಾಚಾ. ನಾಳೆ ನನಗೇ ಪಾರ್ಶ್ವವಾಯು ಹೊಡೆದು ಬಾಯಿ ಸೊಟ್ಟಗಾಗತ್ತೆ ಅಂದ್ಕೊಳ್ಳಿ. ನಿಮ್ಮ ಮನೆಗೆ ಬಂದವರಿಗೆ ನನ್ನನ್ನ ಯಾರು ಅಂತ ಹೇಳ್ತೀರಾ?”

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಮೆಹಬೂಬ್ ಸಾಬರಿಗೆ. ಅಲ್ಫಿಯಾಳ ಸಂಬಂಧ ಉಳಿಸಲೆಂದೇ ಅಲ್ಲವೇ ಇಷ್ಟೆಲ್ಲ ಮಾಡಿದ್ದು? ಅದು ಮುರಿದರೆ ಮುರಿಯುವುದು ಆ ಕೈಗಳಿಂದಲ್ಲ, ತಮ್ಮ ನಾಲಿಗೆಯಿಂದ.

“ನಾನು ಅಮ್ಮನ ಹತ್ರ ಮಾತಾಡ್ಬೇಕು,” ಎಂದರು ಮಾಝ್‌ನ ತಾಯಿ. “ಅವರೊಬ್ಬರ ಹತ್ರಾನೇ.”

ಮೆಹಬೂಬ್ ಸಾಬರು ಪಾರ್ಕಿಂಗ್ ಲಾಟಿಗೆ ಬಂದು ಕಾರಿನಲ್ಲಿ ಕೂತರು. ಬಿಸಿಲು ಚುರುಗುಟ್ಟುತ್ತಿತ್ತು. ಕಿಟಕಿಯನ್ನೂ ಇಳಿಸಲಿಲ್ಲ. ಹೆಂಡತಿ ಅಂದ ಮಾತು ಸರಿಯಾಗಿಯೇ ಇತ್ತು: ಸುಳ್ಳು ಹೇಳಿದ್ದೂ ತಮಗಾಗಿ, ನಿಜ ಹೇಳಿದ್ದೂ ತಮಗಾಗಿ. ಎರಡು ಸಲವೂ ಹೊರೆ ಹೊತ್ತವಳು ಅವಳು. ಅವರು ಮುಖ ಮುಚ್ಚಿಕೊಂಡು ಅತ್ತರು. ಪಕ್ಕದ ಕಾರಿಗೆ ಬಂದ ನಿಲುವಂಗಿಯ ಮುದುಕನೊಬ್ಬ ಗಾಜು ತಟ್ಟಿ ಆರೋಗ್ಯ ಸರಿಯಿದೆಯೇ ಎಂದು ಕೇಳಿದ. ಓಕೆ ಓಕೆ ಎಂದು ಕಣ್ಣೊರೆಸಿಕೊಂಡರು.

ತುಂಬ ಹೊತ್ತಾದ ಮೇಲೆ ರಹಮತ್ ಬೀ ಬಂದರು. ಒಳಗೆ ಕೂರಲಿಲ್ಲ, ಅವರ ಕಿಟಕಿಯ ಹತ್ತಿರ ನಿಂತರು. ಮೆಹಬೂಬ್ ಸಾಬರು ಗಾಜು ಇಳಿಸಿದರು.

“ಏನಂದ್ರು?”

“ನಾಳೆ ಐತವಾರ ಬರ್ತಾರ, ಮಾಝ್‌ನೂ ಕರ್ಕೊಂಡು. ಸಂಬಂಧ ಬೇಕೋ ಬ್ಯಾಡೋ, ನನ್ನ ಕೂಡ ಮಾತಾಡಿ ಆಮ್ಯಾಲ ಹೇಳ್ತಾರಂತ.” ರಹಮತ್ ಬೀ ಸೆರಗಿನಿಂದ ಕತ್ತು ಒರೆಸಿಕೊಂಡರು. “ಇವತ್ತ ರಾತ್ರಿ ಹಸನ್‌ಗೂ ಹುಡುಗಿಗೂ ನಾನ ಹೇಳ್ತೀನಿ, ಎಲ್ಲಾ. ನಾಳೆ ಬಂದ ಮಂದಿ ಕೂಡ ಮಾತೂ ನಾನ ಆಡ್ತೀನಿ.”

“ನಾನು?”

ರಹಮತ್ ಬೀ ಕಿಟಕಿಗೆ ಬಾಗಿದರು. ಮುಖದಲ್ಲಿ ಸಿಟ್ಟಿರಲಿಲ್ಲ.

“ನೀವು ಚಾ ತಂದು ಕೊಡ್ರಿ,” ಎಂದರು. “ಕೊಟ್ಟು ಅಲ್ಲೇ ನಿಂದರ್ರಿ. ಇವ್ರು ಯಾರಂತ ನಾ ಹೇಳ್ತೀನಿ.”

ಮೆಹಬೂಬ್ ಸಾಬರು ತಲೆ ತಗ್ಗಿಸಿ ಹೂಂ ಅಂದರು.